ಸಾಫ್ಟ್ ಟಾಪ್ ಗಾಡಿ ಒಳಗೆ ಮಳೆ ನೀರು ಬರ್ತಿದ್ರೆ ಹೊಸ ಟಾಪೇ ಹಾಕಿಸ್ಬೇಕಾ?

ನೀವು ಕೇಳಿರೋದು ಇಷ್ಟು: ದಾವಣಗೆರೇಲಿ ಸೆಕೆಂಡ್ ಹ್ಯಾಂಡ್ ಸಾಫ್ಟ್ ಟಾಪ್ ಗಾಡಿ, ಅಂದ್ರೆ ತಗಡಿನ ಬದ್ಲು ಬಟ್ಟೆ ಇಲ್ಲ ರೆಕ್ಸಿನ್ ಹುಡ್ಡು ಇರೋದು, ತಗೊಂಡಿದೀರಿ, ಮಳೆ ಬಂದಾಗೆಲ್ಲ ಎಡಗಡೆ ಕಾಲಿಡೋ ಜಾಗದಲ್ಲಿ ನೀರು ನಿಲ್ತೈತೆ, ಗ್ಯಾರೇಜ್‌ನೋರು ಮುಂದಿನ ಗ್ಲಾಸ್ ಸುತ್ತ ಸಿಲಿಕಾನ್ ಬಳಿದು ಕಳಿಸಿದ್ರು, ಮುಂದಿನ ಮಳೆಗೇ ಮತ್ತೆ ಬಂತು, ಈಗ ಟಾಪೇ ಚೇಂಜ್ ಮಾಡ್ಸಿ ಅಂತಿದಾರೆ, ಮಾಡಿಸ್ಲಾ ಅಂತ.

ಈಗ್ಲೇ ಬೇಡ್ರಿ. ನಮ್ದು ದುರ್ಗದಲ್ಲಿ ಲಾರಿ ಟಾರ್ಪಾಲು, ಜೀಪ್ ಹುಡ್ಡು, ಸೀಟು ಹೊಲಿಯೋ ಅಂಗಡಿ, ಹೊಸ ಟಾಪ್ ಹೊಲಿಸಿದ್ರೆ ದುಡ್ಡು ಬರೋದು ನಮ್ಮಂಥೋರಿಗೇ, ಆದ್ರೂ ಹೇಳ್ತೀನಿ, ಕಾಲ್ಬುಡದಲ್ಲಿ ನೀರು ಅಂತ ಬರೋ ಗಾಡಿಗಳಲ್ಲಿ ಬಟ್ಟೆದು ತಪ್ಪಿರೋದು ಕಮ್ಮಿ.

ಮೊದ್ಲು ಅದು ಮಳೆ ನೀರೇನಾ ಅಂತ ಖಾತ್ರಿ ಮಾಡ್ಕೊಳ್ರಿ. ನಮ್ಮ ದೇಶದ ಗಾಡಿಗಳಲ್ಲಿ ಎಸಿ ಕೂಲಿಂಗ್ ಕಾಯಿಲ್ ಸಾಮಾನ್ಯವಾಗಿ ಎಡಗಡೆ ಡ್ಯಾಶ್‌ಬೋರ್ಡ್ ಹಿಂದೆ ಇರ್ತೈತೆ, ಅದ್ರ ನೀರು ಹೊರಗೆ ಬಿಡೋ ಸಣ್ಣ ಪೈಪ್ ಕಟ್ಕೊಂಡ್ರೆ ಸುಡೋ ಬಿಸಿಲಲ್ಲೂ ಕಾರ್ಪೆಟ್ ನೆನೀತೈತೆ. ಬೆರಳಿಗೆ ಅಂಟಂಟಾಗಿ ಸಿಹಿ ವಾಸನೆ ಬಂದು, ಗ್ಲಾಸ್ ಒಳಗಡೆ ಜಿಡ್ಡು ಜಿಡ್ಡು ಮಬ್ಬು ಕೂತಿದ್ರೆ ಅದು ಎಂಜಿನ್ ತಣ್ಣಗಿಡೋ ಕೂಲೆಂಟು, ಹೀಟರ್ ಕಡೆಯಿಂದ ಸೋರ್ತಿರೋದು. ಎಸಿ ಆಫ್ ಇದ್ದು, ಮಳೆ ಬಂದಾಗ ಮಾತ್ರ, ಮಣ್ಣು ಬಣ್ಣದ ನೀರು ಅಂದ್ರೆ ಮುಂದಕ್ಕೆ ಓದ್ರಿ.

ಜನ ತಲೆ ಕೆಡಿಸ್ಕೊಳ್ಳೋದು ನೀರು ಎಲ್ಲಿಂದ ಒಳಗೆ ಬರ್ತೈತೆ ಅಂತ. ಆದ್ರೆ ಇಂಥ ಗಾಡಿ ಮಾಡೋರೇ ಒಂದಿಷ್ಟು ನೀರು ಬಂದೇ ಬರ್ತೈತೆ ಅಂತ ಲೆಕ್ಕ ಹಾಕಿ, ಮಾಳಿಗೆ ಮನೆಗೆ ಮಳೆ ನೀರು ಬೀಳೋ ದೋಣಿ ಇಟ್ಟಂಗೆ ಅದು ಹೋಗೋಕೆ ದಾರಿ ಮಾಡಿರ್ತಾರೆ. ಮಾಜ್ದಾ ಎಂಎಕ್ಸ್-5 ಅಂತ 1989ರಿಂದ ಬರ್ತಿರೋ ಎರಡು ಸೀಟಿನ ಫಾರಿನ್ ಗಾಡಿ ಐತಲ್ಲ, ಅದ್ರಲ್ಲಿ ಸೀಟಿನ ಹಿಂದೆ ಎರಡೂ ಮೂಲೇಲಿ ತೂತು ಬಿಟ್ಟು, ಟಾಪ್ ಮೇಲಿಂದ ಇಳಿದ ನೀರು ಹಿಂದಿನ ಚಕ್ರದ ಮುಂದುಗಡೆ ನೆಲಕ್ಕೆ ಬೀಳೋ ಹಂಗೆ ಮಾಡಿದಾರೆ, ಆ ತೂತು ಮುಚ್ಕೊಂಡ್ರೆ ಟಾಪ್ ಎಷ್ಟೇ ಹೊಸದಿದ್ರೂ ಸೀಟಿನ ಹಿಂದೆ ಕೆರೆ. 2020ರಲ್ಲಿ ಬಂದ ಥಾರ್‌ಗೂ ನೆಲದಲ್ಲೇ ನೀರು ಬಿಡೋ ಬಿರಡೆ, ಡ್ರೈನ್ ಪ್ಲಗ್ ಕೊಟ್ಟಿದಾರೆ ನೋಡ್ರಿ. ನಮ್ ಕಡೆ ತೊಂದ್ರೆ ಏನಂದ್ರೆ ವರ್ಷದಲ್ಲಿ ಮುಕ್ಕಾಲು ಪಾಲು ಧೂಳು, ಬೇಸಿಗೆಯೆಲ್ಲ ಆ ಧೂಳು, ಬೇವಿನ ಎಲೆ, ಹೊಂಗೆ ಹೂವು ಎಲ್ಲ ಹೋಗಿ ಆ ತೂತಲ್ಲೇ ಕೂರ್ತಾವೆ, ಒಂದೆರಡು ಸಣ್ಣ ಮಳೆಗೆ ಕೆಸರಾಗಿ ಗಟ್ಟಿ ಆಗ್ತೈತೆ, ಆಮೇಲೆ ಸೆಪ್ಟೆಂಬರ್‌ನಲ್ಲಿ ಉತ್ರೆ ಮಳೆ ಜೋರಾಗಿ ಹಿಡ್ಕೊಂಡಾಗ ಎಲ್ಲರ ಗಾಡೀನೂ ಒಟ್ಟಿಗೆ ಸೋರೋಕೆ ಶುರು.

ನಿಮ್ದು ಎಡಗಡೆ ಕಾಲ್ಬುಡ ಅಂದಿದ್ದಕ್ಕೆ ನಂಗೆ ಮೊದ್ಲು ಡೌಟ್ ಬರೋದು ವೈಪರ್ ಕೆಳಗಿನ ಜಾಲರಿ ಮೇಲೆ. ಬಾನೆಟ್ ಎತ್ತಿ ನೋಡ್ರಿ, ಗ್ಲಾಸ್ ಬುಡದಲ್ಲಿ ಉದ್ದಕ್ಕೆ ಒಂದು ಕಾಲುವೆ ಇರ್ತೈತೆ, ಎಷ್ಟೋ ಗಾಡೀಲಿ ಬ್ಲೋವರ್‌ಗೆ ಹೊರಗಿನ ಗಾಳಿ ಹೋಗೋ ಬಾಯಿನೂ ಅಲ್ಲೇ. ಕಾಲುವೆ ಕಟ್ಕೊಂಡ್ರೆ ನೀರು ಏರಿ ಏರಿ ಆ ಬಾಯಿಂದ ಇಳಿದು ಸೀದಾ ಎಡಗಾಲಿನ ಹತ್ರ. ಹೊಳಲ್ಕೆರೆ ಕಡೆಯಿಂದ ಒಂದು ಜೀಪು ಬಂದಿತ್ತು, ಪಾಪ ಇಡೀ ಹುಡ್ಡು ಬಿಚ್ಚಿ ಹೊಲೀರಿ ಅಂತ ತಂದಿದ್ರು, ಜಾಲರಿ ತೆಗೆದು ಮೂಲೇಲಿ ಬೆರಳು ಹಾಕಿದ್ರೆ ಹೊಂಗೆ ಹೂವು, ಎಲೆ, ಕೆಂಪು ಮಣ್ಣು ಸೇರಿ ಕಪ್ಪಗೆ ಮುದ್ದೆ ಆಗಿದ್ದು ಕೈ ತುಂಬ ಬಂತು, ಅದ್ರಲ್ಲೊಂದು ಬೇವಿನ ಬೀಜ ಮೊಳಕೆ ಬೇರೆ ಒಡೆದಿತ್ತು. ಒಂದು ಚೆಂಬು ನೀರು ಹುಯ್ದ್ವಿ, ಗಾಡಿ ಕೆಳಗೆ ದಳದಳ ಅಂತ ಇಳೀತು, ಅಷ್ಟೇ ಕೆಲಸ. ಪೈಪ್ ಇರೋ ಕಡೆ ಕ್ಲೀನ್ ಮಾಡೋಕೆ ದಪ್ಪ ನೈಲಾನ್ ದಾರ ತೂರಿಸ್ರಿ, ಕಬ್ಬಿಣದ ತಂತಿ ಹಾಕಿದ್ರೆ ಪೈಪ್ ತೂತಾಗ್ತೈತೆ, ಪಂಕ್ಚರ್ ಅಂಗಡಿ ಗಾಳೀನೂ ಹೊಡೀಬೇಡ್ರಿ, ಒಳಗೆ ಜಾಯಿಂಟ್ ಕಳಚಿದ್ರೆ ಇರೋ ದಾರೀನೂ ಹೋಯ್ತು.

ಅದು ಕ್ಲೀನ್ ಇದ್ರೆ ಆಮೇಲೆ ನೀರು ಬಿಟ್ಟು ಹುಡುಕ್ಬೇಕು, ಇದಕ್ಕೆ ತಾಳ್ಮೆ ಬೇಕ್ರಿ. ಕಾರ್ಪೆಟ್ಟು, ಕೆಳಗಿನ ಸ್ಪಂಜು ಎರಡೂ ಎತ್ತಿ ನೆಲ ಪೂರ್ತಿ ಒಣಗಿಸಿ ಪೇಪರ್ ಹಾಸ್ರಿ, ಹಳೇ ನೀರು ಸ್ಪಂಜಲ್ಲಿ ಉಳಿದಿದ್ರೆ ಬ್ರೇಕ್ ಹಾಕಿದಾಗ ಮುಂದೆ, ಏರಲ್ಲಿ ನಿಲ್ಸಿದಾಗ ಹಿಂದೆ ಹರಿದು ನಿಮ್ಮನ್ನ ಸುಮ್ನೆ ಆಟ ಆಡಿಸ್ತೈತೆ. ಒಬ್ರು ಮೊಬೈಲ್ ಟಾರ್ಚ್ ಹಿಡ್ಕೊಂಡು ಒಳಗೆ ಕೂರ್ಬೇಕು, ಇನ್ನೊಬ್ರು ಗಿಡಕ್ಕೆ ಬಿಡೋ ಪೈಪಲ್ಲಿ ನಿಧಾನಕ್ಕೆ ನೀರು ಬಿಡ್ಬೇಕು. ವಾಟರ್ ಸರ್ವೀಸ್ ಗನ್ ಬೇಡ, ಆ ಪ್ರೆಶರ್‌ಗೆ ಸೋರದೇ ಇರೋದೂ ಸೋರ್ತೈತೆ. ಕೆಳಗಿಂದ ಮೇಲಕ್ಕೆ ಹೋಗ್ರಿ, ಬಾಗ್ಲು ಬುಡ, ಆಮೇಲೆ ಗ್ಲಾಸ್ ಬುಡ, ಗ್ಲಾಸ್ ಪಕ್ಕ, ಕೊನೆಗೆ ಟಾಪು. ಮೊದ್ಲೇ ಟಾಪ್ ಮೇಲೆ ಬಿಟ್ರೆ ನೀರು ಎಲ್ಲಾ ಕಡೆ ಇಳಿದು ಯಾವ್ದು ಅಂತ ಗೊತ್ತೇ ಆಗಲ್ಲ. ಒಂದೊಂದು ಜಾಗಕ್ಕೂ ಐದಾರು ನಿಮಿಷ ಕೊಡ್ರಿ.

ಬಾಗ್ಲು ಬೀಡಿಂಗ್ ಮೇಲೆ ಡೌಟಿದ್ರೆ ವಿಭೂತಿ ತಗೊಂಡು ರಬ್ಬರ್ ಮೇಲೆ ಉದ್ದಕ್ಕೆ ತೀಡಿ ಬಾಗ್ಲು ಹಾಕಿ ತೆಗೀರಿ, ಎದುರಿನ ತಗಡಿನ ಮೇಲೆ ಬಿಳಿ ಗೆರೆ ಎಲ್ಲಿ ಕಟ್ ಆಗೈತೋ ಅಲ್ಲಿ ರಬ್ಬರ್ ಕೂರ್ತಿಲ್ಲ ಅಂತ. ಸೀಮೆಸುಣ್ಣದಲ್ಲೂ ಮಾಡ್ಬೋದು, ಆದ್ರೆ ನಮ್ ಅಂಗಡೀಲಿ ವಿಭೂತಿ ಕೈಗೆ ಸಿಗೋ ಹಂಗೆ ಇರ್ತೈತೆ. ಫ್ರೇಮ್ ಇಲ್ಲದ ಬಾಗ್ಲಾದ್ರೆ ಗ್ಲಾಸೇ ರಬ್ಬರ್‌ಗೆ ಒತ್ಬೇಕು, ಚೂರು ಕೆಳಗಿಳಿದಿದ್ರೂ ಮುಂದಿನ ಮೂಲೆಯಿಂದ ಮೊಣಕಾಲ ಮೇಲೆ ತೊಟ್ಟಿಕ್ತೈತೆ, ಅದಕ್ಕೆ ಗ್ಲಾಸ್ ಅಡ್ಜಸ್ಟ್ ಮಾಡಿದ್ರೆ ಸಾಕು.

ಇನ್ನೊಂದು, ಹಳೇ ಓನರ್ ಬಾಗ್ಲಲ್ಲಿ ದೊಡ್ಡ ಸ್ಪೀಕರ್ ಹಾಕ್ಸಿದಾರಾ ನೋಡ್ರಿ. ಗ್ಲಾಸ್ ಸಂದೀಲಿ ನೀರು ಬಾಗ್ಲೊಳಗೆ ಇಳಿಯೋದು ಎಲ್ಲಾ ಗಾಡೀಲೂ ಇದ್ದದ್ದೇ, ಬಾಗ್ಲು ಬುಡದ ತೂತಿಂದ ಆಚೆ ಹೋಗ್ತೈತೆ, ಆ ನೀರು ಒಳಗೆ ಬರ್ದೆ ಇರ್ಲಿ ಅಂತ ಬಾಗ್ಲ ಒಳಗಡೆ ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟ್ಸಿರ್ತಾರೆ, ಸ್ಪೀಕರ್ ಹಾಕೋರು ಅದನ್ನ ಹರಿದು ಬಿಸಾಕಿರ್ತಾರೆ. ಹೊಸ ದಪ್ಪ ಹಾಳೆ ಕತ್ತರಿಸಿ ಬ್ಯುಟೈಲ್ ಟೇಪಲ್ಲಿ, ಅಂದ್ರೆ ಅಂಟಂಟು ರಬ್ಬರ್ ಪಟ್ಟೀಲಿ, ಅಂಟಿಸ್ರಿ, ಫೆವಿಕಾಲ್ ಗಿವಿಕಾಲ್ ನಿಲ್ಲಲ್ಲ.

ಇಷ್ಟಾದ ಮೇಲೂ ನೀರು ಮೇಲಿಂದಲೇ ಬರ್ತಿದ್ರೆ ಆಗ ಬಟ್ಟೆ ಕಡೆ ಬರ್ರಿ. ಗ್ಲಾಸ್ ಮೇಲಿನ ಕೊಂಡಿ ಲೂಸ್ ಇದ್ರೆ ಟೈಟ್ ಮಾಡ್ಸಿ. ರೆಕ್ಸಿನ್ ಟಾಪಲ್ಲಿ ಸೂಜಿ ತೂತು ತಾನಾಗೇ ಮುಚ್ಚಲ್ಲ, ಹತ್ತಿ ಕ್ಯಾನ್ವಾಸ್ ಆದ್ರೆ ನೂಲು ನೆಂದು ಉಬ್ಬಿ ಒಂದಷ್ಟು ಮುಚ್ಕೊಳ್ತೈತೆ. ದಾರ ಬಿಸಿಲಿಗೆ ಪುಡಿ ಆಗಿದ್ರೆ ಹಳೇ ತೂತಲ್ಲೇ ಸೂಜಿ ಹಾಕಿ ಹೊಲಿಯೋರ ಹತ್ರ ಹೊಲಿಸ್ರಿ, ಪಕ್ಕದಲ್ಲಿ ಹೊಸ ಲೈನ್ ಹೊಡೆದ್ರೆ ತೂತು ಡಬಲ್. ಹೊಲಿಗೆ ಮೇಲೆ ಟೆಂಟ್‌ಗೆ ಹಚ್ಚೋ ಸೀಮ್ ಸೀಲರ್ ಎಳೀರಿ. ರೆಕ್ಸಿನ್ನೇ ಬಿರುಕು ಬಿಟ್ಟು ಮಡಿಕೇಲಿ ಒಳಗಿನ ನೂಲು ಕಾಣ್ತಿದ್ರೆ ಮಾತ್ರ ಹೊಸ ಟಾಪು.

ಬಳಿದಿರೋ ಸಿಲಿಕಾನ್ ಕೆರೆದು ತೆಗೆಸ್ರಿ. ಹುಳಿ ವಾಸನೆ ಬರೋ ಸಿಲಿಕಾನ್ ಪೇಂಟ್ ಇಲ್ಲದ ತಗಡಿಗೆ ತುಕ್ಕು ಹಿಡಿಸ್ತೈತೆ, ಮುಂದೆ ಅದ್ರ ಮೇಲೆ ಪೇಂಟೂ ಕೂರಲ್ಲ, ನೀರು ಹೋಗೋ ತೂತಿಗೂ ಮೆತ್ತಿದ್ರೆ ಅಂತೂ ಮುಗೀತು. ರಬ್ಬರ್‌ಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿದ್ರೆ ಸಾಕು, ಎಂಜಿನ್ ಆಯಿಲ್ ಹಚ್ಚಿದ್ರೆ ಉಬ್ಕೊಂಡು ಹಾಳಾಗ್ತೈತೆ. ಒದ್ದೆ ಇರೋವಾಗ ಟಾಪ್ ಮಡಚಿಡ್ಬೇಡ್ರಿ, ಬೂಸ್ಟು ಹಿಡೀತೈತೆ. ಕಾರ್ಪೆಟ್ ಕೆಳಗಿನ ಆ ಸ್ಪಂಜು ಮೇಲೆ ಒಣಗಿದಂಗೆ ಕಾಣ್ತೈತೆ, ಕೈಯಲ್ಲಿ ಒತ್ತಿದ್ರೆ ನೀರು ಬರ್ತಾನೇ ಇರ್ತೈತೆ, ಕೆಲವು ಗಾಡೀಲಿ ವೈರಿಂಗ್ ಜಾಯಿಂಟೂ ಅದ್ರ ಕೆಳಗೇ ಇರ್ತಾವೆ, ಅದಕ್ಕೆ ಅದನ್ನ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿ, ಒಂದು ದೊಡ್ಡ ಮಳೆ ಬಂದು ನೆಲ ಒಣಗಿದ್ದೇ ಐತೆ ಅಂತ ನೋಡಿದ ಮೇಲೇ ಕಾರ್ಪೆಟ್ ವಾಪಸ್ ಕೂರಿಸ್ರಿ.