ಭಾಷಣ ಬಿಟ್ಟು ಬೇರೇನು ಮಾಡುತ್ತವೆ ಅಂತ ಕೇಳಿದ್ದಕ್ಕೆ

ನೀವು ಸಿವಿಲ್ ಎಂಜಿನಿಯರ್, ಜನರಿಗೆ ವಿಜ್ಞಾನ ತಲುಪಿಸುವ ಸಂಸ್ಥೆಗೆ ಸೇರಬೇಕು ಅಂತಿದ್ದೀರಿ, ಆದರೆ ಅಲ್ಲಿ ಬರೀ ಭಾಷಣವೇ ಇರುತ್ತದಾ ಅನ್ನೋದು ನಿಮ್ಮ ಅನುಮಾನ. ಕೆಲವು ಕಡೆ ಹಾಗೇ ಇರುತ್ತದೆ, ನಿಜ. ಆದರೆ ಒಳ್ಳೆಯ ಸಂಸ್ಥೆಗಳು ಭಾಷಣವನ್ನೂ ಪ್ರಯೋಗವಾಗಿಸುತ್ತವೆ.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ನೋಡಿ. 1799ರಲ್ಲಿ ಶುರುವಾಗಿದ್ದು. 1825ರಿಂದ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸ ನಡೆಸುತ್ತಿದೆ. ಅಲ್ಲಿ ವಿಜ್ಞಾನಿ ಮೈಕಲ್ ಫ್ಯಾರಡೆ ಒಂದು ಮೇಣದಬತ್ತಿ ಇಟ್ಟುಕೊಂಡೇ ರಸಾಯನಶಾಸ್ತ್ರ ಹೇಳಿಕೊಟ್ಟರು. ನೀವೂ ಮಾಡಿ ನೋಡಿ: ಬತ್ತಿ ಆರಿಸಿ, ಮೇಲೇಳುವ ಬಿಳಿ ಹೊಗೆಗೆ ಉರಿಯುವ ಬೆಂಕಿಕಡ್ಡಿ ಹಿಡಿದರೆ ಬೆಂಕಿ ಹಾರಿ ಬತ್ತಿಗೆ ಬಂದು ಕೂರುತ್ತದೆ. ಉರಿಯುವುದು ಮೇಣದ ಆವಿ ಅಂತ ಆಗ ಯಾರೂ ವಿವರಿಸಬೇಕಾಗಿಲ್ಲ, ಅಲ್ವಾ?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಎಕ್ಸ್‌ಪ್ಲೊರೇಟೋರಿಯಂ ಅನ್ನೋ ವಿಜ್ಞಾನ ಮ್ಯೂಸಿಯಂ ನನಗೆ ಇನ್ನೂ ಜಾಸ್ತಿ ಇಷ್ಟ. ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ 1969ರಲ್ಲಿ ಕಟ್ಟಿದ್ದು. ಎಲ್ಲವನ್ನೂ ಮುಟ್ಟಿ, ತಿರುಗಿಸಿ ನೋಡಬಹುದು, ಜೊತೆಗೆ ಆ ಸಾಮಾನುಗಳನ್ನು ತಯಾರಿಸುವ ವರ್ಕ್‌ಶಾಪ್ ಕೂಡ ಬಂದವರ ಕಣ್ಣೆದುರೇ ಇರುತ್ತದೆ. ಎಂಜಿನಿಯರಿಂಗ್ ಅಂದರೇನು ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಸೇರುವ ಮೊದಲು ಅವರ ಒಂದು ಕಾರ್ಯಕ್ರಮಕ್ಕೆ ಹೋಗಿ ಬನ್ನಿ. ಪ್ರಶ್ನೆಗಳಿಗೆ ಕೊನೆಯ ಐದು ನಿಮಿಷ ಮಾತ್ರ ಕೊಡುತ್ತಾರಾ, ಜನರ ಕೈಗೆ ಏನಾದರೂ ಕೊಡುತ್ತಾರಾ ಅಂತ ಗಮನಿಸಿ. ನಿಮ್ಮ ಹತ್ತಿರ ಕೊಡಲು ಬೇಕಾದಷ್ಟಿದೆ. ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟ ಹಾಳೆ ಒಂದು ನಾಣ್ಯಕ್ಕೇ ಬಾಗುತ್ತದೆ, ಅದೇ ಹಾಳೆಯನ್ನು ನೆರಿಗೆ ಮಡಿಚಿ ಇಟ್ಟರೆ ನಾಣ್ಯಗಳ ರಾಶಿಯನ್ನೇ ಹೊರುತ್ತದೆ. ಇಂಥದ್ದಕ್ಕೆ ಅರ್ಧ ಗಂಟೆ, ಒಂದು ಮೇಜು ಕೊಡುವವರು ಸಿಕ್ಕರೆ ಸೇರಿಬಿಡಿ.