‘ನಾಳೆ ಅವನಿಗೇ ಕೊಡೋ ಹುಡುಗಿ’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿ. ಹುಡುಗಿಗೆ 13, ಎಂಟನೇ ತರಗತಿ. ಮಾವಿನ ಕೊಯ್ಲಿಗೆ ಬಂದು ಮನೆಯಲ್ಲೇ ಉಳಿದ ಸೋದರಮಾವ ರಾತ್ರಿ ಹೊತ್ತು ಲೈಂಗಿಕ ಕಿರುಕುಳ ಕೊಡುತ್ತಿದ್ದ. ಆಪ್ತಸಲಹೆಗೆ ಬಂದ ತಾಯಿಯ ಕೋರಿಕೆ: “ಇದು ಇಲ್ಲೇ ಮುಗೀಲಿ ಮೇಡಂ. ನಾಳೆ ಅವನಿಗೇ ಕೊಡೋ ಹುಡುಗಿ.”

ಮುಗಿಯುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಸಜೆಯಾಗಬಹುದು. ಸಂಬಂಧಿಯೇ ಎಸಗಿದ್ದರೆ ಶಿಕ್ಷೆ ಇನ್ನೂ ಹೆಚ್ಚು. ಕರ್ನಾಟಕದಲ್ಲಿ 18 ತುಂಬದ ಹುಡುಗಿಯ ಮದುವೆ ಅಸಿಂಧು. ರಾಜಿಯಾಯಿತೆಂದು ಇಂಥ ಪ್ರಕರಣ ರದ್ದುಮಾಡಲಾಗದೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಕಡ್ಡಾಯ ವರದಿಗೆ ಹೆದರಿ ಆಪ್ತಸಲಹೆಗೇ ಬಾರದವರೂ ಉಂಟು, ನಿಜ. ಆದರೆ ‘ತಮ್ಮನನ್ನೇ ಜೈಲಿಗೆ ಹಾಕಿಸಿದೆ’ ಎನ್ನುವ ನೆಂಟರಿಗೆ ‘ಮೇಡಂ ತಿಳಿಸಲೇಬೇಕಿತ್ತು’ ಎಂದು ಹೇಳುವ ದಾರಿ ತಾಯಿಗೆ ಸಿಗುವುದೂ ಇದರಿಂದಲೇ.

ಕೊಟ್ಟ ಸಲಹೆ: ಮಗುವನ್ನು ಕೆದಕಬೇಡಿ. ತಾನಾಗಿ ಹೇಳಿದ್ದನ್ನು ಅವಳ ಮಾತಿನಲ್ಲೇ ದಿನಾಂಕ ಹಾಕಿ ಬರೆದಿಡಿ. ಅಜ್ಜಿ, ದೊಡ್ಡಪ್ಪ, ಟೀಚರ್ ಎಲ್ಲರೂ ಕೇಳುತ್ತ ಹೋದರೆ ವಿವರ ಅಲ್ಲಿಷ್ಟು ಇಲ್ಲಿಷ್ಟು ಬದಲಾಗುತ್ತದೆ; ಪಾಟಿಸವಾಲಿನಲ್ಲಿ ಹಿಡಿಯುವುದು ಅದನ್ನೇ. ಹೇಳಿಕೆಗೆ ಠಾಣೆಗೆ ಹೋಗಬೇಕಿಲ್ಲ. ಚಿಕ್ಕಮ್ಮನ ಮನೆಗೇ ಬರಲು ಕೇಳಿ. ಬರುವವರು ಸಾಧ್ಯವಾದಷ್ಟೂ ಮಹಿಳಾ ಎಸ್‌ಐ ಆಗಿರಬೇಕು, ಸಮವಸ್ತ್ರದಲ್ಲಿರಬಾರದು. ಎಫ್‌ಐಆರ್ ಪ್ರತಿ ಉಚಿತ. ವೈದ್ಯಕೀಯ ತಪಾಸಣೆ ವೈದ್ಯೆಯೇ ಮಾಡಬೇಕು, ನೀವು ಜೊತೆಗಿರಬಹುದು.

ಕಾಯ್ದೆ ಸೊರಗುವುದು ಇಲ್ಲಿಂದ ಮುಂದೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸುತ್ತಾರೆ. ಆರೋಪಿ ಅದೇ ಮನೆಯವನಾದರೆ ಮಗುವನ್ನು ಹೊರಗಿಡಬೇಕೇ ಎಂದು ಸಮಿತಿ ಮೂರು ದಿನದಲ್ಲಿ ತೀರ್ಮಾನಿಸಬೇಕು. ಅಂದರೆ ಬಂಧನವಾಗದಿದ್ದರೆ ಕೈಗೆ ಸುಲಭವಾಗಿ ಸಿಗುವ ಉಪಾಯ ಹುಡುಗಿಯನ್ನೇ ಕದಲಿಸುವುದು: ಅವನು ಮನೆಯಲ್ಲಿ, ಇವಳು ಬಾಲಮಂದಿರದಲ್ಲಿ! ಆದ್ದರಿಂದ ಅವನನ್ನು ಹೊರಗೆ ಕಳಿಸಿ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆಂದು ಸಮಿತಿಗೆ ಬರೆದುಕೊಡಿ. ಜಾಮೀನಿನ ಸುದ್ದಿಯನ್ನು ಪೊಲೀಸರಿಂದ ಕೇಳುತ್ತಿರಿ. ಊರಿಗೆ ಕಾಲಿಡಬಾರದೆಂಬ ಷರತ್ತನ್ನು ಸರ್ಕಾರಿ ವಕೀಲರ ಮೂಲಕ ಕೋರಿ.

ತನಿಖೆ, ವಿಚಾರಣೆಯುದ್ದಕ್ಕೂ ಮಗುವಿಗೆ ನೆರವಾಗುವ ‘ಬೆಂಬಲ ವ್ಯಕ್ತಿ’ಯನ್ನು ಅದೇ ದಿನ ಸಮಿತಿಯಿಂದ ಲಿಖಿತವಾಗಿ ಕೇಳಿ. ಸುಮ್ಮನಿದ್ದರೆ ಈ ಕೆಲಸ ಹಿಂದೆ ಬೀಳುತ್ತದೆ. ಪೋಕ್ಸೋದ 2020ರ ನಿಯಮಗಳಲ್ಲಿ ಊಟ, ಬಟ್ಟೆ, ಓಡಾಟದ ಖರ್ಚಿಗೆ ತಕ್ಷಣದ ಹಣವೂ ಇದೆ. ಸಮಿತಿ ಶಿಫಾರಸು ಮಾಡಿದ ಒಂದು ವಾರದೊಳಗೆ ಅದು ಕೈಗೆ ಬರಬೇಕು. ಕೋಲಾರದ ಕೋರ್ಟಿಗೆ ಕೂಲಿ ಬಿಟ್ಟು ಅಲೆಯುವ ಮನೆಗೆ ಇದು ಸಣ್ಣದಲ್ಲ. ಮಗುವಿನ ಸಾಕ್ಷ್ಯ 30 ದಿನದಲ್ಲಿ, ವಿಚಾರಣೆ ಸಾಧ್ಯವಾದಷ್ಟೂ ವರ್ಷದೊಳಗೆ ಎಂದಿದೆ ಕಾಯ್ದೆ. ಆ ‘ಸಾಧ್ಯವಾದಷ್ಟೂ’ ಎಳೆದಷ್ಟು ನೆಂಟರ ಒತ್ತಡ ಬಲಿತು ಸಾಕ್ಷಿಗಳು ತಿರುಗಿಬೀಳುತ್ತಾರೆ. ಹಾಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಮಗುವಿನ ಹೇಳಿಕೆ ಬೇಗ ಆಗಲಿ.

ಶಾಲೆ ಬಿಡಿಸಬೇಡಿ, ಟಿಸಿ ಕೇಳಬೇಡಿ. ಮುಖ್ಯಶಿಕ್ಷಕರೊಬ್ಬರಿಗೆ ಗೊತ್ತಿದ್ದರೆ ಸಾಕು.