ಸ್ಪೀಕರ್ ಅಳವಡಿಸುವವರು ವಿನ್ಯಾಸಕ್ಕೆ ಬೇರೆ ಹಣ ಕೇಳುವುದು ಸರಿಯೇ?

ಕಲಬುರಗಿಯ ನಿಮ್ಮ ಕಲ್ಯಾಣ ಮಂಟಪದ ಕೊಟೇಶನ್‌ನಲ್ಲಿ ಸ್ಪೀಕರ್, ಪ್ರೊಜೆಕ್ಟರ್‌ಗಳ ಬೆಲೆಯ ಜೊತೆಗೆ ‘ವಿನ್ಯಾಸ’, ‘ಮೇಲುಸ್ತುವಾರಿ’ ಎಂದು ಎರಡು ಸಾಲು ಕಂಡು ಗಾಬರಿಯಾಗಿದ್ದೀರಿ. ಅವರು ಹಾಗೆ ಕೇಳಿದ್ದು ತಪ್ಪಲ್ಲ. ಬೇರೆಯಾಗಿ ಬರೆಯದವರು ಅದನ್ನು ಸಾಮಾನಿನ ಬೆಲೆಯೊಳಗೇ ಸೇರಿಸಿರುತ್ತಾರೆ, ಅಷ್ಟೇ.

ವಿನ್ಯಾಸ ಎಂದರೆ ಯಾವ ಸ್ಪೀಕರ್ ಎಲ್ಲಿ, ಹೇಗೆ ಕೂರಬೇಕೆಂದು ಲೆಕ್ಕಹಾಕಿ ನಕ್ಷೆ ಮಾಡುವುದು. ಅದಕ್ಕೆ ಸಾಮಾನ್ಯವಾಗಿ ಒಂದು ನಿಗದಿತ ಮೊತ್ತ ಇರುತ್ತದೆ. ಕೆಲವರು ಗಂಟೆಯ ಲೆಕ್ಕ ಹಾಕುತ್ತಾರೆ, ಕೆಲವರು ಒಟ್ಟು ವೆಚ್ಚದ ಶೇಕಡಾವಾರು ಕೇಳುತ್ತಾರೆ. ಶೇಕಡಾವಾರು ನನಗೆ ಹಿಡಿಸುವುದಿಲ್ಲ: ದುಬಾರಿ ಸ್ಪೀಕರ್ ಆರಿಸಿದಷ್ಟೂ ಅವರ ಶುಲ್ಕ ಏರುತ್ತದೆ. ನಮ್ಮ ಕಡೆಯ ಮಂಟಪಗಳಲ್ಲಿ ವಿನ್ಯಾಸಕ್ಕೆ ನಿಜವಾಗಿಯೂ ಕೆಲಸವಿದೆ. ಶಹಾಬಾದ್ ಕಲ್ಲಿನ ನೆಲ, ಬೋಳು ಗೋಡೆ, ಎತ್ತರದ ತಾರಸಿ ಸೇರಿದರೆ ಪುರೋಹಿತರ ಮಂತ್ರ ಪ್ರತಿಧ್ವನಿಯಲ್ಲೇ ಕರಗಿಹೋಗುತ್ತದೆ. ಅಲ್ಲಿ ಸ್ಪೀಕರ್‌ನ ವ್ಯಾಟ್ (ಶಕ್ತಿ) ಹೆಚ್ಚಿಸಿದರೆ ಗದ್ದಲ ಮಾತ್ರ ಹೆಚ್ಚುತ್ತದೆ.

ಮೇಲುಸ್ತುವಾರಿ ಎಂದರೆ ಗಿಲಾವಿಗೆ ಮೊದಲೇ ಪೈಪ್ ಹಾಕಿಸುವುದು, ಎಲೆಕ್ಟ್ರಿಷಿಯನ್ ಜೊತೆ ಹೊಂದಿಸಿಕೊಳ್ಳುವುದು, ಕೊನೆಗೆ ಪರೀಕ್ಷಿಸಿ ಒಪ್ಪಿಸುವುದು. ಎಷ್ಟು ಭೇಟಿ ಎಂಬುದನ್ನು ಬರೆಸಿಕೊಳ್ಳಿ. ಬೆಂಗಳೂರು, ಹೈದರಾಬಾದ್‌ನಿಂದ ಬರುವವರಾದರೆ ಪ್ರಯಾಣ, ವಸತಿ ಯಾರದ್ದೆಂದೂ ಕೇಳಿ. ಜಿಎಸ್‌ಟಿ ಸೇರಿದೆಯೇ ಎಂಬುದೂ ಸ್ಪಷ್ಟವಾಗಲಿ.

ಕೆಲಸ ಅವರಿಗೇ ಕೊಟ್ಟರೆ ವಿನ್ಯಾಸದ ಹಣವನ್ನು ಅಂತಿಮ ಬಿಲ್ಲಿನಲ್ಲಿ ಕಳೆಯುತ್ತಾರೆಯೇ ಎಂದು ವಿಚಾರಿಸಿ, ಹಲವರು ಒಪ್ಪುತ್ತಾರೆ. ಹಣ ಕೊಟ್ಟ ಮೇಲೆ ನಕ್ಷೆ ನಿಮ್ಮ ಕೈಯಲ್ಲಿರಬೇಕು.